ಮಳೆಗಾಲದಲ್ಲಿ ಕೂತು ‘ಜೇನ್ ಏರ್’ ಸಿನಿಮಾಗಳನ್ನ ಹೋಲಿಸಿ ನೋಡೋದು ಹೇಗೆ

ಜೂನ್ ಅರ್ಧ ದಾಟಿತು ಅಂದ್ರೆ ನಮ್ಮ ಕೊಡಗಿನ ಸುಂಟಿಕೊಪ್ಪ ಕಡೆ ಮಧ್ಯಾಹ್ನ ಮೂರು ಗಂಟೆಗೇ ಲೈಟ್ ಹಾಕ್ಬೇಕು, ಸಿಲ್ವರ್ ಓಕ್ ಮರಗಳ ತುದಿ ಮಂಜಲ್ಲಿ ಕಾಣೋದೇ ಇಲ್ಲ, ಬಟ್ಟೆ ಒಣಗಲ್ಲ, ತೋಟಕ್ಕೆ ಹೋದೋರು ಅರ್ಧ ದಿನಕ್ಕೆ ವಾಪಸ್ ಬರ್ತಾರೆ. ಅಂಥ ಒಂದು ಮಧ್ಯಾಹ್ನ ನಾನು ಷಾರ್ಲೆಟ್ ಬ್ರಾಂಟೆಯ ‘ಜೇನ್ ಏರ್’ ಪುಸ್ತಕ ತೆಗೆದಿದ್ದು, ಮೊದಲನೇ ಸಾಲೇ ಅವತ್ತು ವಾಕಿಂಗ್ ಹೋಗೋ ಹಾಗೇ ಇರ್ಲಿಲ್ಲ ಅಂತ ಇದೆ, ಚಳಿಗಾಳಿ, ಕಪ್ಪು ಮೋಡ, ಮೈ ಒಳಗೆ ಇಳಿಯೋ ಮಳೆ. 1847ರಲ್ಲಿ ಇಂಗ್ಲೆಂಡಲ್ಲಿ ಅಚ್ಚಾದ ಪುಸ್ತಕ ನಮ್ಮ ಮನೆ ಕಿಟಕಿ ಆಚೆ ಇರೋದನ್ನೇ ಹೇಳ್ತಿದೆ ಅನ್ನಿಸಿ ಅವತ್ತೇ ಹತ್ತು ಅಧ್ಯಾಯ ಮುಗಿಸ್ದೆ. ಆಮೇಲೆ ಪ್ರತಿ ಮಳೆಗಾಲ ಇದರ ಒಂದೊಂದು ಸಿನಿಮಾ, ಒಂದೊಂದು ಸೀರಿಯಲ್ ನೋಡ್ತಾ ಬಂದೆ, ಅಜ್ಜಿ ಮತ್ತು ಚಿಕ್ಕಮ್ಮನ ಮಗಳು ಜೊತೆಗೆ ಕೂರ್ತಾರೆ. ಎಲ್ಲರೂ ಕೇಳೋದು ಒಂದೇ, ಯಾವ್ದು ಚೆನ್ನಾಗಿದೆ ಅಂತ. ಆ ಪ್ರಶ್ನೆ ಇಟ್ಕೊಂಡು ನೋಡಿದ್ರೆ ಹೀರೋ ಯಾರು ಚಂದ ಅನ್ನೋದ್ರಲ್ಲೇ ಮಾತು ಮುಗಿದೋಗತ್ತೆ. ಯಾವ್ದು ಏನನ್ನ ಬಿಟ್ಟಿದೆ, ಯಾಕೆ ಬಿಟ್ಟಿದೆ ಅಂತ ಕೇಳ್ಕೊಂಡು ನೋಡಿ, ಅದೇ ಕಥೆ ಪ್ರತಿ ಸಲ ಬೇರೆ ಥರ ಕಾಣತ್ತೆ. ಅದನ್ನ ಹೇಗೆ ಮಾಡೋದು ಅಂತ ಹೇಳೋಕೇ ಇದನ್ನ ಬರೀತಿರೋದು.

ಕಥೆ ಗೊತ್ತಿಲ್ಲದೋರಿಗೆ ಚಿಕ್ಕದಾಗಿ ಹೇಳ್ಬಿಡ್ತೀನಿ, ಗುಟ್ಟೂ ಇದರಲ್ಲೇ ಬರತ್ತೆ, ಮೊದಲು ಪುಸ್ತಕ ಓದ್ತೀನಿ ಅನ್ನೋರು ಈ ಪ್ಯಾರಾ ಬಿಟ್ಟು ಮುಂದೆ ಹೋಗಿ. ಜೇನ್ ಅಪ್ಪ ಅಮ್ಮ ಇಲ್ಲದ ಹುಡುಗಿ, ಅತ್ತೆ ಮನೇಲಿ ಏಟು ತಿಂದು ಬೆಳೆದು, ಲೋವುಡ್ ಅನ್ನೋ ಬೋರ್ಡಿಂಗ್ ಶಾಲೇಲಿ ಹಸಿವು ಚಳಿ ಅನುಭವಿಸಿ, ಹದಿನೆಂಟಕ್ಕೆ ಥಾರ್ನ್‌ಫೀಲ್ಡ್ ಅನ್ನೋ ದೊಡ್ಡ ಬಂಗ್ಲೆಗೆ ಮಗುವಿಗೆ ಪಾಠ ಹೇಳೋಕೆ ಬರ್ತಾಳೆ. ದೊರೆ ರಾಚೆಸ್ಟರ್‌ಗೂ ಅವಳಿಗೂ ಪ್ರೀತಿ ಆಗತ್ತೆ, ಮದುವೆ ದಿನ ಚರ್ಚಲ್ಲೇ ಗೊತ್ತಾಗತ್ತೆ ಅವನಿಗೆ ಆಗ್ಲೇ ಮದುವೆ ಆಗಿದೆ, ಹೆಂಡತಿ ಬರ್ತಾಗೆ ಬುದ್ಧಿ ಸ್ಥಿಮಿತ ಇಲ್ಲ, ಅದೇ ಬಂಗ್ಲೆಯ ಮೂರನೇ ಮಹಡೀಲಿ ಬೀಗ ಹಾಕಿ ಇಟ್ಟಿದಾನೆ ಅಂತ. ಜೇನ್ ಬಿಟ್ಟು ಹೋಗ್ತಾಳೆ. ಬೇರೆ ಕಡೆ ಸಂಬಂಧಿಕರು ಸಿಗ್ತಾರೆ, ಆಸ್ತಿ ಬರತ್ತೆ, ಸೇಂಟ್ ಜಾನ್ ಅನ್ನೋ ಪಾದ್ರಿ ಮದುವೆ ಆಗು ಅಂತಾನೆ, ಅವಳು ಒಪ್ಪಲ್ಲ, ವಾಪಸ್ ಬಂದಾಗ ಬಂಗ್ಲೆ ಸುಟ್ಟು ಹೋಗಿದೆ, ಬರ್ತಾ ಸತ್ತಿದಾಳೆ, ರಾಚೆಸ್ಟರ್‌ಗೆ ಕಣ್ಣು ಹೋಗಿದೆ, ಒಂದು ಕೈ ಹೋಗಿದೆ. ಆಗ ಮದುವೆ ಆಗ್ತಾರೆ.

ಪುಸ್ತಕ ಪೂರ್ತಿ 38 ಅಧ್ಯಾಯ. ಓದಿ ನೋಡಿದ್ರೆ ಒಳ್ಳೇದು, ಟೈಮ್ ಇಲ್ಲದಿದ್ರೆ 2, 12, 23, 26, 27, 37 ಈ ಆರು ಅಧ್ಯಾಯ ಆದ್ರೂ ಓದ್ಕೊಂಡು ಕೂರಿ, ಇಲ್ಲದಿದ್ರೆ ಬಿಟ್ಟಿದ್ದೇನು ಅಂತ ಹೇಗೆ ಗೊತ್ತಾಗ್ಬೇಕು. ಅದರಲ್ಲೂ 27 ಬಿಡ್ಲೇಬೇಡಿ, ಯಾಕೆ ಅಂತ ಮುಂದೆ ಹೇಳ್ತೀನಿ.

ಈಗ ಯಾವ್ದು ನೋಡೋದು. ಮೂಕಿ ಕಾಲದಿಂದಲೂ ಇದನ್ನ ಸಿನಿಮಾ ಮಾಡ್ತಾನೇ ಬಂದಿದಾರೆ, ಎಲ್ಲಾ ನೋಡೋಕೆ ಹೋದ್ರೆ ಕಾವೇರಿ ಸಂಕ್ರಮಣ ಬಂದ್ರೂ ಮುಗಿಯಲ್ಲ. ನಾಲ್ಕು ಸಾಕು. 1943ರದ್ದು, ಕಪ್ಪು ಬಿಳುಪು, ರಾಬರ್ಟ್ ಸ್ಟೀವನ್ಸನ್ ನಿರ್ದೇಶನ, ಆರ್ಸನ್ ವೆಲ್ಸ್ ಮತ್ತು ಜೋನ್ ಫಾಂಟೇನ್, ಒಂದೂಮುಕ್ಕಾಲು ಗಂಟೆ ಒಳಗೆ ಮುಗಿಯತ್ತೆ. 1983ರ ಬಿಬಿಸಿ ಸೀರಿಯಲ್, ತಿಮೊತಿ ಡಾಲ್ಟನ್ ಮತ್ತು ಜೀಲಾ ಕ್ಲಾರ್ಕ್, 11 ಕಂತು, ಒಂದೊಂದೂ ಹೆಚ್ಚುಕಮ್ಮಿ ಅರ್ಧ ಗಂಟೆ. 2006ರ ಬಿಬಿಸಿದು, ರೂತ್ ವಿಲ್ಸನ್ ಮತ್ತು ಟೋಬಿ ಸ್ಟೀಫನ್ಸ್, ನಾಲ್ಕು ಕಂತು. 2011ರ ಸಿನಿಮಾ, ಕ್ಯಾರಿ ಫುಕುನಾಗ ನಿರ್ದೇಶನ, ಮಿಯಾ ವಾಸಿಕೋವ್ಸ್ಕಾ ಮತ್ತು ಮೈಕಲ್ ಫಾಸ್‌ಬೆಂಡರ್, ಎರಡು ಗಂಟೆ. 1996ರಲ್ಲಿ ಫ್ರಾಂಕೋ ಜೆಫಿರೆಲ್ಲಿ ಮಾಡಿದ್ದೂ ಇದೆ, ಅದು ಐದನೇದಾಗಿ ಇರ್ಲಿ. ಒಂದು ವಿಷ್ಯ ಗೊತ್ತಾ, 1996, 2006, 2011 ಮೂರರಲ್ಲೂ ಥಾರ್ನ್‌ಫೀಲ್ಡ್ ಅಂತ ತೋರಿಸಿರೋದು ಡರ್ಬಿಶೈರ್‌ನ ಹ್ಯಾಡನ್ ಹಾಲ್ ಅನ್ನೋ ಒಂದೇ ಕಟ್ಟಡ. ಹೋಲಿಸೋರಿಗೆ ಇದಕ್ಕಿಂತ ಅನುಕೂಲ ಇಲ್ಲ, ಅದೇ ಕಲ್ಲು ಅದೇ ಬಾಗಿಲು, ಒಬ್ರು ಅದನ್ನ ಬೆಚ್ಚಗೆ ತೋರಿಸಿದಾರೆ, ಇನ್ನೊಬ್ರು ಗವಿ ಥರ ತೋರಿಸಿದಾರೆ.

ನೋಡೋ ಕ್ರಮ ಮುಖ್ಯ. 1983ರದ್ದನ್ನ ಮೊದಲು ನೋಡಿ. ಅದು ಸ್ಟುಡಿಯೋ ಸೆಟ್ಟಲ್ಲಿ ತೆಗೆದಿರೋದು ಜಾಸ್ತಿ, ಹಳೇ ದೂರದರ್ಶನ ಧಾರಾವಾಹಿ ನೋಡಿದ ಹಾಗೇ ಇರತ್ತೆ, ಈಗಿನ ಮಕ್ಕಳಿಗೆ ಮೊದಲ ಎರಡು ಕಂತು ಕಷ್ಟ, ಆದ್ರೆ ಪುಸ್ತಕದ ಮಾತುಗಳನ್ನ ಹಾಗೇ ಉಳಿಸ್ಕೊಂಡಿರೋದು ನಾಲ್ಕರಲ್ಲಿ ಇದೇ, ಹಾಗಾಗಿ ಇದು ನಿಮಗೆ ಅಳತೆಗೋಲು ಆಗತ್ತೆ. ಆಮೇಲೆ 2011, ಆಮೇಲೆ 2006, ಕೊನೆಗೆ 1943. ವರ್ಷದ ಪ್ರಕಾರ ಹೋಗ್ಬೇಡಿ, ಹಳೇದನ್ನ ಮೊದಲು ನೋಡಿದ್ರೆ ಅದು ಬರೀ ಹಳೇದು ಅಂತ ಕಾಣತ್ತೆ, ಕೊನೆಗೆ ನೋಡಿದ್ರೆ ಅದು ಎಷ್ಟು ಧೈರ್ಯವಾಗಿ ಕಥೇನೇ ಬದಲಾಯಿಸಿದೆ ಅಂತ ಕಾಣತ್ತೆ.

ನಮ್ಮ ಕಡೆಯೋರಿಗೆ ಸ್ವಲ್ಪ ತಯಾರಿ ಬೇಕು. ಮಳೆ ಜೋರಾದ್ಮೇಲೆ ನೆಟ್‌ವರ್ಕ್ ನಂಬ್ಕೊಂಡು ಕೂತ್ರೆ ಅರ್ಧಕ್ಕೆ ನಿಲ್ಲತ್ತೆ, ಮಡಿಕೇರಿಗೋ ಕುಶಾಲನಗರಕ್ಕೋ ಹೋದಾಗ ಡೌನ್‌ಲೋಡ್ ಮಾಡ್ಕೊಂಡು ಬಂದ್ಬಿಡಿ, ಮರ ಬಿದ್ದು ಲೈನ್ ಹೋದ್ರೆ ಎರಡು ಮೂರು ದಿನ ಕರೆಂಟ್ ಇರಲ್ಲ, ಲ್ಯಾಪ್‌ಟಾಪ್ ಚಾರ್ಜ್ ತುಂಬಿಸಿ ಇಡಿ. ಸಬ್‌ಟೈಟಲ್ ಹಾಕ್ಲೇಬೇಕು, ಶೀಟ್ ಮೇಲೆ ಮಳೆ ಬೀಳೋ ಸದ್ದಲ್ಲಿ ಡಾಲ್ಟನ್ ಗಂಟಲೂ ಕೇಳಲ್ಲ. ಟ್ಯೂಬ್‌ಲೈಟ್ ಆರಿಸಿ. ಇದು ಬರೀ ಮೂಡ್‌ಗೆ ಹೇಳ್ತಿರೋದಲ್ಲ, 2011ರ ಸಿನಿಮಾದಲ್ಲಿ ರಾತ್ರಿ ಸೀನ್‌ಗಳಲ್ಲಿ ಮೇಣದಬತ್ತಿ ಬೆಳಕು ಬಿಟ್ರೆ ಬೇರೇನೂ ಇಲ್ಲ ಅನ್ನೋ ಹಾಗಿದೆ, ರೂಮಲ್ಲಿ ಲೈಟ್ ಇದ್ರೆ ಸ್ಕ್ರೀನಲ್ಲಿ ಬರೀ ಕಪ್ಪು ಕಾಣತ್ತೆ. ಒಂದು ಸಲ ನೋಡ್ತಾ ಇದ್ದಾಗಲೇ ಕರೆಂಟ್ ಹೋಯ್ತು, ಬ್ಯಾಟರಿ ಮೇಲೆ ಮುಂದುವರಿಸಿದ್ವಿ, ಪಕ್ಕದಲ್ಲಿ ಮೇಣದಬತ್ತಿ, ಆಗ ಅನ್ನಿಸ್ತು, ಮೇಲಿನ ಮಹಡಿಯಿಂದ ನಗು ಕೇಳಿಸಿದಾಗ ಜೇನ್‌ಗೆ ಎಷ್ಟು ದೂರ ಕಾಣ್ತಿತ್ತು, ಬರೀ ಒಂದು ಮಾರು. ಬೆಲ್ಲದ ಕಾಫಿ, ಸುಟ್ಟ ಹಲಸಿನ ಬೀಜ ಪಕ್ಕದಲ್ಲಿ ಇದ್ರೆ ಮೂರು ಗಂಟೆ ಕೂರೋದು ಕಷ್ಟ ಆಗಲ್ಲ.

ಒಂದು ನೋಟ್‌ಬುಕ್ ತಗೊಳ್ಳಿ, ಪ್ರತಿ ಸಿನಿಮಾಗೂ ಅದೇ ಐದು ಸೀನ್‌ಗೆ ಒಂದೊಂದು ಪುಟ. ಪೂರ್ತಿ ಸಿನಿಮಾ ಹೋಲಿಸೋಕೆ ಹೋದ್ರೆ ತಲೆ ಕೆಡತ್ತೆ, ಐದು ಸೀನ್ ಸಾಕು. ಅತ್ತೆ ಮನೇಲಿ ಪುಟ್ಟ ಜೇನ್‌ನ ಕೂಡಿ ಹಾಕೋ ಕೆಂಪು ಕೋಣೆ, ನಾನು ಚಂದ ಇದೀನಾ ಅಂತ ರಾಚೆಸ್ಟರ್ ಕೇಳೋ ಸೀನ್, ಮರದ ಕೆಳಗೆ ಮದುವೆ ಮಾತು, ಮಹಡಿ ಮೇಲಿನ ಬರ್ತಾ, ಮತ್ತೆ ಬಿಟ್ಟು ಹೋಗೋ ರಾತ್ರಿ.

ಬಾಲ್ಯದ ಭಾಗಕ್ಕೆ ಎಷ್ಟು ನಿಮಿಷ ಕೊಟ್ಟಿದಾರೆ ಅಂತ ಮಾತ್ರ ಗಡಿಯಾರ ನೋಡಿ ಬರ್ಕೊಳ್ಳಿ. ಲೋವುಡ್ ಶಾಲೆ ಕಟ್ಟುಕಥೆ ಅಲ್ಲ, ಬ್ರಾಂಟೆ ಅಕ್ಕತಂಗಿಯರು ಕೋವನ್ ಬ್ರಿಜ್ ಅನ್ನೋ ಕಡೆ ಅಂಥದ್ದೇ ಶಾಲೇಲಿ ಇದ್ರು, ಇಬ್ರು ದೊಡ್ಡ ಅಕ್ಕಂದಿರು ಅಲ್ಲಿ ಕಾಯಿಲೆ ಬಿದ್ದು 1825ರಲ್ಲಿ ತೀರ್ಕೊಂಡ್ರು. ಅದು ಗೊತ್ತಿದ್ರೆ ಹೆಲೆನ್ ಬರ್ನ್ಸ್ ಅನ್ನೋ ಹುಡುಗಿ ಸಾಯೋ ಸೀನ್ ಬೇರೆ ಥರ ನಾಟತ್ತೆ. 1943ರದ್ದರಲ್ಲಿ ಆ ಹೆಲೆನ್ ಆಗಿರೋದು ಪುಟ್ಟ ಎಲಿಜಬೆತ್ ಟೇಲರ್, ಟೈಟಲ್‌ನಲ್ಲಿ ಹೆಸರೂ ಹಾಕಿಲ್ಲ.

ಚಂದ ಇದೀನಾ ಅನ್ನೋ ಸೀನ್ ಬಗ್ಗೆ ಜಾಸ್ತಿ ಹೇಳೋದಿಲ್ಲ. ಪುಸ್ತಕದಲ್ಲಿ ಇಬ್ರೂ ನೋಡೋಕೆ ಸಾಧಾರಣ, ಅವನು ಕೇಳ್ತಾನೆ, ಅವಳು ಇಲ್ಲ ಸರ್ ಅಂತಾಳೆ. ಡಾಲ್ಟನ್‌ಗೆ, ಫಾಸ್‌ಬೆಂಡರ್‌ಗೆ ಇಲ್ಲ ಸರ್ ಅಂದ್ರೆ ಯಾರೂ ನಂಬಲ್ಲ. ಸಿನಿಮಾದೋರು ಇದಕ್ಕೆ ಯಾವತ್ತೂ ದಾರಿ ಕಂಡ್ಕೊಂಡಿಲ್ಲ, ಮುಂದಕ್ಕೂ ಕಂಡ್ಕೊಳ್ಳಲ್ಲ, ಬಿಟ್ಬಿಡಿ.

ಮರದ ಕೆಳಗಿನ ಸೀನಲ್ಲಿ ಒಂದೇ ಒಂದು ವಿಷ್ಯ ಗಮನಿಸಿ. ಬಡವಿ, ಚಿಕ್ಕೋಳು, ಚಂದ ಇಲ್ಲ ಅಂದ ಮಾತ್ರಕ್ಕೆ ನನಗೆ ಆತ್ಮ ಇಲ್ವಾ ಅಂತ ಜೇನ್ ಕೇಳೋ ಮಾತು ಇದೆಯಲ್ಲ, ಅದನ್ನ ಹೇಳೋವಾಗ ಅವಳು ಅಳ್ತಾಳಾ, ಸಿಟ್ಟು ಮಾಡ್ಕೊತಾಳಾ, ಎದ್ದು ನಿಲ್ತಾಳಾ. ರೂತ್ ವಿಲ್ಸನ್‌ದು ಅಳುವಲ್ಲೇ ಒಡೆದು ಬರೋ ಸಿಟ್ಟು, ವಾಸಿಕೋವ್ಸ್ಕಾದು ತಣ್ಣಗೆ. ನನಗೆ ರೂತ್ ವಿಲ್ಸನ್ ಹತ್ರ ಆಗ್ತಾಳೆ, ಚಿಕ್ಕಮ್ಮನ ಮಗಳಿಗೆ ಆ ತಣ್ಣಗಿರೋದೇ ಇಷ್ಟ, ಈ ವಿಷ್ಯದಲ್ಲಿ ನಾವು ಮೂರು ವರ್ಷದಿಂದ ಒಪ್ಪಿಲ್ಲ.

ಬರ್ತಾ ವಿಷ್ಯಕ್ಕೆ ಬರೋಣ. ಇಲ್ಲಿ ನಿಧಾನ ಮಾಡಿ. ನೋಡೋರೆಲ್ಲ ಮೊದಲು ಕೇಳೋದು, ಅವನು ಡೈವೋರ್ಸ್ ಯಾಕೆ ಕೊಡ್ಲಿಲ್ಲ ಅಂತ. ಇಂಗ್ಲೆಂಡಲ್ಲಿ ಆಗ ಪೂರ್ತಿ ಡೈವೋರ್ಸ್ ಬೇಕು ಅಂದ್ರೆ ಪಾರ್ಲಿಮೆಂಟಲ್ಲಿ ಪ್ರತ್ಯೇಕ ಕಾಯ್ದೇನೇ ಮಾಡಿಸ್ಬೇಕಿತ್ತು, ಕೋರ್ಟಲ್ಲಿ ಕೊಡೋ ಕಾನೂನು ಬಂದಿದ್ದೇ 1857ರಲ್ಲಿ, ಹುಚ್ಚು ಅನ್ನೋ ಕಾರಣಕ್ಕೆ ಡೈವೋರ್ಸ್ ಸಿಗೋ ಹಾಗಾಗಿದ್ದು 1937ರ ಕಾನೂನಿಂದ. ಇದನ್ನ ಶುರುವಲ್ಲೇ ಜೊತೆಗೆ ಕೂತೋರಿಗೆ ಹೇಳ್ಬಿಡಿ. ಇನ್ನು ದುಡ್ಡಿನ ಲೆಕ್ಕ. ಬರ್ತಾ ಜಮೈಕಾದಿಂದ ಬಂದೋಳು, ವರದಕ್ಷಿಣೆ 30,000 ಪೌಂಡ್. ಜೇನ್‌ಗೆ ಥಾರ್ನ್‌ಫೀಲ್ಡಲ್ಲಿ ವರ್ಷಕ್ಕೆ ಸಂಬಳ 30 ಪೌಂಡ್. ಅಂದ್ರೆ ಜೇನ್ ಸಾವಿರ ವರ್ಷ ಪಾಠ ಹೇಳಿದ್ರೆ ಬರೋ ದುಡ್ಡು ಮಹಡಿ ಮೇಲೆ ಬೀಗದೊಳಗೆ ಕೂತಿರೋ ಹೆಂಗಸಿನ ಜೊತೆ ಬಂದಿದೆ. ಜಮೈಕಾ ಅಂದ್ರೆ ಆಗ ಕಬ್ಬಿನ ತೋಟ, ಗುಲಾಮರ ದುಡಿಮೆ. ತೋಟದ ದುಡ್ಡಲ್ಲಿ ಬಂಗ್ಲೆ ಹೇಗೆ ಎದ್ದು ನಿಲ್ಲತ್ತೆ ಅನ್ನೋದು ಕೊಡಗಿನೋರಿಗೆ ಬಿಡಿಸಿ ಹೇಳ್ಬೇಕಾಗಿಲ್ಲ. ಈ ದುಡ್ಡಿನ ಮಾತು ಯಾವ ಸಿನಿಮಾದಲ್ಲಿ ಎಷ್ಟು ಇದೆ ಅಂತ ಬರ್ಕೊಳ್ಳಿ.

ಬರ್ತಾನ ಹೇಗೆ ತೋರಿಸ್ತಾರೆ ಅನ್ನೋದು ಇನ್ನೂ ಮುಖ್ಯ. 1943ರಲ್ಲಿ ಅವಳ ಮುಖಾನೇ ಸರಿಯಾಗಿ ಕಾಣಿಸಲ್ಲ, ನೆರಳು, ಕೈ, ಕಿರುಚಾಟ, ಅಷ್ಟೆ, ಹೆದರಿಸೋಕೆ ಇಟ್ಟಿರೋ ವಸ್ತು ಥರ. 2006ರಲ್ಲಿ ಅವಳೊಬ್ಬ ಚಂದದ ಹೆಂಗಸು, ಒಂದು ಕಾಲದಲ್ಲಿ ಇವಳನ್ನ ಯಾರೋ ಇಷ್ಟಪಟ್ಟಿರಬಹುದು ಅನ್ನಿಸೋ ಹಾಗೆ ಇದಾಳೆ, ನೋಡಿದ್ರೆ ಭಯಕ್ಕಿಂತ ಸಂಕಟ ಆಗತ್ತೆ. ಡೊಮಿನಿಕಾ ದ್ವೀಪದಲ್ಲಿ ಹುಟ್ಟಿದ ಜೀನ್ ರೀಸ್ ಅನ್ನೋ ಲೇಖಕಿ 1966ರಲ್ಲಿ ಈ ಹೆಂಗಸಿನ ಕಡೆಯಿಂದಲೇ ‘ವೈಡ್ ಸಾರ್ಗಾಸೊ ಸೀ’ ಅಂತ ಒಂದು ಕಾದಂಬರಿ ಬರೆದ್ರು, ಅದನ್ನ ಓದಿದೋರಿಗೆ 1943ರ ನೆರಳು ನೋಡೋಕೆ ಕಷ್ಟ ಆಗತ್ತೆ.

ನನಗೆ ಈ ಸೀನ್ ಬಂದಾಗೆಲ್ಲ ನೆನಪಾಗೋದು ನಮ್ಮ ಗೌರಮ್ಮ. ಕೊಡಗಿನ ಕೊನೇ ರಾಜ ಚಿಕ್ಕವೀರರಾಜೇಂದ್ರನ ಮಗಳು, ‘ಜೇನ್ ಏರ್’ ಬಂದು ಐದು ವರ್ಷಕ್ಕೆ, 1852ರಲ್ಲಿ ಅಪ್ಪನ ಜೊತೆ ಇಂಗ್ಲೆಂಡ್‌ಗೆ ಹೋದ ಹುಡುಗಿ, ವಿಕ್ಟೋರಿಯಾ ರಾಣಿಯೇ ಮುಂದೆ ನಿಂತು ಜ್ಞಾನಸ್ನಾನ ಮಾಡಿಸಿ ತನ್ನ ಹೆಸರನ್ನೇ ಇಟ್ರು, ಅಲ್ಲೇ ಒಬ್ಬ ಇಂಗ್ಲಿಷ್ ಸೇನಾಧಿಕಾರಿ ಜೊತೆ ಮದುವೆ ಆಯ್ತು, 1864ರಲ್ಲಿ ಚಿಕ್ಕ ವಯಸ್ಸಲ್ಲೇ ಅಲ್ಲೇ ತೀರ್ಕೊಂಡ್ರು. ಗೌರಮ್ಮ ಬರ್ತಾ ಅಲ್ಲ, ಅವರಿಗೆ ಯಾರೂ ಬೀಗ ಹಾಕಿರ್ಲಿಲ್ಲ. ಆದ್ರೆ ದೂರದ ಊರಿಂದ ಆ ಚಳಿ ದೇಶಕ್ಕೆ ಹೋಗಿ, ಎಲ್ಲರೂ ತನ್ನ ಬಗ್ಗೆ ಮಾತಾಡೋರೇ, ತಾನು ಮಾತಾಡಿದ್ದನ್ನ ಉಳಿಸಿದೋರು ಮಾತ್ರ ಕಮ್ಮಿ ಅನ್ನೋ ಹೆಣ್ಣು ನಮ್ಮ ಕೊಡಗಿನ ರಾಜಮನೆತನದಲ್ಲೂ ಇದ್ಲು ಅಂತ ಗೊತ್ತಿದ್ದು ಈ ಸೀನ್ ನೋಡಿದ್ರೆ, ಬರ್ತಾಗೆ ಡೈಲಾಗ್ ಇದೆಯಾ ಅಂತ ಹುಡುಕ್ತೀರಿ. ಹುಡುಕಿ. ಅದು ನೋಟ್‌ಬುಕ್ಕಲ್ಲಿ ಇರ್ಲೇಬೇಕಾದ ಪ್ರಶ್ನೆ.

ಈಗ 27ನೇ ಅಧ್ಯಾಯ, ಬಿಟ್ಟು ಹೋಗೋ ರಾತ್ರಿ. ಇದರ ಮೇಲೇ ನಾನು ಎಲ್ಲಾ ಸಿನಿಮಾಗೂ ಮಾರ್ಕ್ಸ್ ಕೊಡೋದು.

ನಮ್ಮ ಅಜ್ಜಿ ಚಿಕ್ಕ ವಯಸ್ಸಲ್ಲಿ ಒಂದು ದೊರೆ ಬಂಗ್ಲೇಲಿ ಆಯಾ ಆಗಿದ್ರು. ಇಂಗ್ಲಿಷ್ ಅಷ್ಟಾಗಿ ಬರಲ್ಲ, ನಾವು ಹೇಳ್ತಾ ಹೋಗ್ತೀವಿ, ಅವರು ಮುಖ ನೋಡ್ತಾ ಅರ್ಥ ಮಾಡ್ಕೊತಾರೆ. ಮನೆ ನೋಡ್ಕೊಳ್ಳೋ ಫೇರ್‌ಫ್ಯಾಕ್ಸ್ ಅಮ್ಮನ್ನ ನೋಡಿದ ತಕ್ಷಣ, ಈಯಮ್ಮಂಗೆ ಏನೋ ಗೊತ್ತಿದೆ ಮಗ, ಸಂಬಳ ತಗೊಳ್ಳೋರು ಬಾಯಿ ಬಿಡಲ್ಲ ಅಂದ್ರು. ಜೇನ್ ಒಂದು ಸಿನಿಮಾದಲ್ಲಿ ಸುಮ್ನೆ ಬಾಗಿಲು ತೆಗೆದು ಓಡಿದಾಗ ಅಜ್ಜಿ ಒಪ್ಪಲಿಲ್ಲ. ಹಾಗೆ ಓಡೋಕಾಗಲ್ಲ, ಬಂಗ್ಲೆ ಬಾಗಿಲು ಸದ್ದು ಮಾಡತ್ತೆ ಅಂದ್ರು. ನಾನು ಪುಸ್ತಕ ತೆಗೆದು ನೋಡಿದ್ರೆ ಅಜ್ಜಿ ಹೇಳಿದ್ದೇ ಅಲ್ಲಿದೆ. ಜೇನ್ ಕತ್ತಲಲ್ಲಿ ಎದ್ದು ಬಟ್ಟೆ ಗಂಟು ಕಟ್ತಾಳೆ, ಅವನು ಕೊಟ್ಟ ಮುತ್ತಿನ ಸರ ಅಲ್ಲೇ ಬಿಡ್ತಾಳೆ, ಪರ್ಸಲ್ಲಿ ಇರೋದು ಇಪ್ಪತ್ತೇ ಶಿಲ್ಲಿಂಗ್, ಅಡುಗೆಮನೆಗೆ ಹೋಗಿ ಪಕ್ಕದ ಬಾಗಿಲ ಬೀಗದಕೈ ಹುಡುಕ್ತಾಳೆ, ಒಂದು ಶೀಶೆ ಎಣ್ಣೆ, ಒಂದು ಪುಕ್ಕ ತಗೊಂಡು ಬೀಗದಕೈಗೂ ಬೀಗಕ್ಕೂ ಎಣ್ಣೆ ಹಚ್ತಾಳೆ, ಸ್ವಲ್ಪ ನೀರು, ಸ್ವಲ್ಪ ಬ್ರೆಡ್ಡು ತಗೊಂಡು ಹೊರಡ್ತಾಳೆ. ಎದೆ ಒಡೆದು ಹೋಗ್ತಿರೋ ಹುಡುಗಿ ಬೀಗಕ್ಕೆ ಎಣ್ಣೆ ಹಚ್ತಾಳೆ. ಬ್ರಾಂಟೆ ಎಂಥ ಬರಹಗಾರ್ತಿ ಅಂತ ನನಗೆ ಗೊತ್ತಾಗಿದ್ದು ಆ ಎಣ್ಣೆ ಶೀಶೆಯಿಂದ. ಅವಳು ಭಾವಾವೇಶದಲ್ಲಿ ಓಡಿ ಹೋದೋಳಲ್ಲ, ಯೋಚನೆ ಮಾಡಿ, ಕೈ ನಡುಗಿದ್ರೂ ಕೆಲಸ ತಪ್ಪದೆ ಹೊರಟೋಳು.

ಹಾಗಾಗಿ ನಾಲ್ಕರಲ್ಲೂ ಹೊರಡೋದನ್ನ ಕೆಲಸವಾಗಿ ತೋರಿಸಿದಾರಾ, ಬರೀ ಓಟವಾಗಿ ತೋರಿಸಿದಾರಾ ಅಂತ ನೋಡಿ. 2011ರದ್ದು ಶುರುವಾಗೋದೇ ಇಲ್ಲಿಂದ, ಜೇನ್ ಥಾರ್ನ್‌ಫೀಲ್ಡಿಂದ ಹೊರಗೆ ಬಂದು ಬಯಲಲ್ಲಿ ಮಳೆಗೆ ಸಿಕ್ಕಿ ಅಳ್ತಾ ಇರ್ತಾಳೆ, ಯಾಕೆ ಅಂತ ನಮಗೆ ಗೊತ್ತಿರಲ್ಲ, ಬಾಲ್ಯ ಎಲ್ಲಾ ಫ್ಲ್ಯಾಶ್‌ಬ್ಯಾಕಲ್ಲಿ ಬರತ್ತೆ. ಇದರಿಂದ ಒಂದು ಲಾಭ ಆಗಿದೆ, ಬಿಟ್ಟು ಹೋಗೋದೇ ಕಥೆಯ ನಡುಗಂಬ ಅಂತ ಮೊದಲ ನಿಮಿಷದಲ್ಲೇ ಸ್ಥಾಪನೆ ಆಗತ್ತೆ. ನಷ್ಟಾನೂ ಇದೆ, ಮಹಡಿ ಮೇಲೆ ಏನಿದೆ ಅನ್ನೋ ಭಯ ನಿಧಾನಕ್ಕೆ ಏರೋಕೆ ಬೇಕಾದ ಜಾಗ ಕಮ್ಮಿ ಆಗಿದೆ. 2006ರದ್ದರಲ್ಲಿ ಇಬ್ರೂ ಹಾಸಿಗೆ ಮೇಲೆ ಮಲಗಿ ಮಾತಾಡೋ, ಮುದ್ದಾಡೋ ಹಾಗೆ ಮಾಡಿದಾರೆ, ಅದು ಪುಸ್ತಕದಲ್ಲಿ ಇಲ್ಲ. ತುಂಬಾ ಜನಕ್ಕೆ ಇದು ಇಷ್ಟ ಆಗಲ್ಲ, ನನಗೆ ಇದು ತಪ್ಪು ಅಂತ ಅನ್ನಿಸ್ಲಿಲ್ಲ, ಅವಳಿಗೂ ಆಸೆ ಇದೆ ಅಂತ ಗೊತ್ತಾದ್ರೇನೇ ಬಿಟ್ಟು ಹೋಗೋದು ಎಷ್ಟು ಕಷ್ಟ ಅಂತ ಗೊತ್ತಾಗೋದು. ಪುಸ್ತಕದಲ್ಲಿ ಅವನು ನಿನ್ನನ್ನ ಯಾರು ಕೇಳ್ತಾರೆ ಅನ್ನೋ ಅರ್ಥದಲ್ಲಿ ಒತ್ತಾಯ ಮಾಡ್ತಾನೆ, ನನ್ನ ಬಗ್ಗೆ ನನಗೆ ಕಾಳಜಿ ಇದೆ, ನನಗೆ ಯಾರೂ ಇಲ್ಲದಷ್ಟೂ ನನ್ನ ಮರ್ಯಾದೆ ನಾನು ಜಾಸ್ತಿ ಕಾಪಾಡ್ಕೊತೀನಿ ಅನ್ನೋ ಉತ್ತರ ಜೇನ್ ಮನಸ್ಸೊಳಗಿಂದ ಬರತ್ತೆ. ಆ ಉತ್ತರ ಪೂರ್ತಿ ಇದೆಯಾ, ಅರ್ಧ ಇದೆಯಾ, ಬರೀ ಕಣ್ಣೀರಿದೆಯಾ ಅಂತ ಬರ್ಕೊಳ್ಳಿ.

1943ರದ್ದು ಇಲ್ಲಿ ಏನು ಮಾಡಿದೆ ಅಂದ್ರೆ, ಜೇನ್ ಅಲ್ಲಿಂದ ಹೊರಟು ತನ್ನನ್ನ ಹಿಂಸೆ ಮಾಡಿದ ಅತ್ತೆ ಮನೆಗೇ ವಾಪಸ್ ಹೋಗ್ತಾಳೆ. ಹಸಿವಿಲ್ಲ, ತಿರುಪೆ ಇಲ್ಲ, ಹೊಸ ಸಂಬಂಧಿಕರಿಲ್ಲ, ಸೇಂಟ್ ಜಾನ್ ರಿವರ್ಸ್ ಪಾತ್ರಾನೇ ಇಲ್ಲ, ಆ ಹೆಸರಿನ ನೆರಳಾಗಿ ಒಬ್ಬ ಡಾಕ್ಟರ್ ರಿವರ್ಸ್ ಲೋವುಡ್ ಭಾಗದಲ್ಲಿ ಬಂದು ಹೋಗ್ತಾನೆ. ಪುಸ್ತಕದಲ್ಲಿ ಜೇನ್ ಹಂದಿಗೆ ಹಾಕೋಕೆ ಹೊರಟಿದ್ದ ಗಂಜಿ ಕೇಳಿ ತಿಂತಾಳೆ. ಅಷ್ಟು ಕೆಳಗೆ ಇಳಿದೋಳಿಗೆ ಆಮೇಲೆ 20,000 ಪೌಂಡ್ ಆಸ್ತಿ ಬಂದಾಗ ಅದನ್ನ ನಾಲ್ಕು ಜನಕ್ಕೆ ಸಮ ಹಂಚ್ತಾಳೆ. ಇದೆಲ್ಲಾ ತೆಗೆದ್ರೆ ಅವಳು ವಾಪಸ್ ಬರೋವಾಗ ಸ್ವಂತ ಕಾಲ ಮೇಲೆ ನಿಂತೋಳಾಗಿ ಬರಲ್ಲ, ಹೋಗೋಕೆ ಬೇರೆ ಜಾಗ ಇಲ್ಲದೋಳಾಗಿ ಬರ್ತಾಳೆ. ಆದ್ರೂ 1943ರದ್ದನ್ನ ಬಿಡ್ಬೇಡಿ ಅಂತೀನಿ, ಬರ್ನಾರ್ಡ್ ಹರ್ಮನ್ ಸಂಗೀತ, ಸೆಟ್ಟಲ್ಲಿ ಕಟ್ಟಿರೋ ಆ ಮಂಜು, ಕುದುರೆ ಮಂಜಿಂದ ಎದ್ದು ಬರೋ ಸೀನ್, ಇವೆಲ್ಲ ನಮ್ಮ ಮಡಿಕೇರಿ ರಸ್ತೆಯಲ್ಲಿ ಆಗಸ್ಟ್ ಬೆಳಗ್ಗೆ ನಡೆದ ಹಾಗೇ ಇದೆ. ಶುರುವಲ್ಲಿ ಪುಸ್ತಕದ ಪುಟ ತೋರಿಸಿ ಓದ್ತಾರಲ್ಲ, ಆ ಸಾಲುಗಳು ಬ್ರಾಂಟೆ ಬರೆದಿದ್ದೇ ಅಲ್ಲ, ಸಿನಿಮಾದೋರೇ ಬರ್ಕೊಂಡಿದ್ದು, ಅದನ್ನ ನಂಬ್ಬೇಡಿ.

ಸೇಂಟ್ ಜಾನ್ ಬಗ್ಗೆ ಒಂದು ಮಾತು, ನಮ್ಮೋರಿಗೆ ಬೇಕಾಗಿರೋದು. ಅವನು ಜೇನ್‌ನ ಮದುವೆ ಆಗಿ ಕರ್ಕೊಂಡು ಹೋಗ್ತೀನಿ ಅನ್ನೋದು ಇಂಡಿಯಾಕ್ಕೆ, ಅವಳಿಗೆ ಹಿಂದುಸ್ತಾನಿ ಭಾಷೆ ಕಲಿಸ್ತಾನೆ. 2011ರಲ್ಲಿ ಇಂಡಿಯಾ ಮಾತು ಇದೆ. ಪುಸ್ತಕದ ಕೊನೇ ಪ್ಯಾರಾನೂ ಇಂಡಿಯಾದಲ್ಲಿರೋ ಅವನ ಬಗ್ಗೇನೇ, ರಾಚೆಸ್ಟರ್ ಬಗ್ಗೆ ಅಲ್ಲ. ಕ್ಲೈಮ್ಯಾಕ್ಸ್ ಹೋಲಿಸೋವಾಗ ಇದನ್ನ ನೆನಪಿಟ್ಕೊಳ್ಳಿ, ಜೊತೆಗೆ ರಾಚೆಸ್ಟರ್ ಕೈ ಹೋಗಿದೆಯಾ ಅಂತಾನೂ ನೋಡಿ. 2011ರಲ್ಲಿ ಕಣ್ಣು ಮಾತ್ರ, ಗಡ್ಡ ಬಿಟ್ಟು ಮರದ ಕೆಳಗೆ ಕೂತಿರ್ತಾನೆ, ಎರಡು ಮಾತಿಗೆ ಸಿನಿಮಾ ಮುಗಿದೋಗತ್ತೆ. 2006ರದ್ದು ಎಲ್ಲರೂ ಒಟ್ಟಿಗೆ ನಿಂತ ಕುಟುಂಬದ ಚಿತ್ರದಲ್ಲಿ ಮುಗಿಯತ್ತೆ, ಕಣ್ಣು ತುಂಬಿ ಬರತ್ತೆ.

ನಾಲ್ಕೂ ಮುಗಿದ್ಮೇಲೆ ನಮ್ಮ ದೇಶದ್ದಕ್ಕೆ ಬನ್ನಿ. 1952ರಲ್ಲಿ ಹಿಂದಿಯಲ್ಲಿ ದಿಲೀಪ್ ಕುಮಾರ್, ಮಧುಬಾಲಾ ಮಾಡಿದ ‘ಸಂಗ್‌ದಿಲ್’ ಇದೇ ಕಥೆ, ಅಲ್ಲಿ ಇಬ್ರೂ ಬಾಲ್ಯದಿಂದಲೇ ಪರಿಚಯದೋರು. ಕನ್ನಡದಲ್ಲಿ 1968ರ ‘ಬೇಡಿ ಬಂದವಳು’ ಇದೆ, ಕಲ್ಯಾಣ್ ಕುಮಾರ್, ಚಂದ್ರಕಲಾ ಇರೋದು, ಅದರಲ್ಲೂ ಜೇನ್ ಏರ್ ಎಳೆ ಇದೆ. ಇವಕ್ಕೆ ಆ ಐದು ಸೀನ್ ಲೆಕ್ಕ ಹಾಕ್ಬೇಡಿ, ಅನ್ಯಾಯ ಆಗತ್ತೆ. ಹೊಸ ಪುಟ ತೆಗೆದು ಎರಡೇ ಪ್ರಶ್ನೆ ಬರ್ಕೊಳ್ಳಿ, ಮೊದಲನೇ ಹೆಂಡತಿ ವಿಷ್ಯ ಹೇಗೆ ಬಗೆಹರಿಸಿದಾರೆ, ಹುಡುಗಿಗೆ ಬಿಟ್ಟು ಹೋಗೋ ಹಕ್ಕು ಕೊಟ್ಟಿದಾರಾ. ಎರಡರ ಮಧ್ಯೆ 1955ರಲ್ಲಿ ಹಿಂದೂ ವಿವಾಹ ಕಾಯ್ದೆ ಬಂತು, ದೇಶದಲ್ಲೆಲ್ಲ ಹಿಂದೂಗಳಲ್ಲಿ ಒಬ್ಬ ಹೆಂಡತಿ ಇರೋವಾಗ ಇನ್ನೊಂದು ಮದುವೆ ಅಪರಾಧ ಆಯ್ತು, ಅದನ್ನೂ ಮನಸ್ಸಲ್ಲಿ ಇಟ್ಕೊಳ್ಳಿ. ‘ಬೇಡಿ ಬಂದವಳು’ ನೋಡೋವಾಗ ಮನೇಲಿರೋ ಹಿರಿಯರನ್ನ ಪಕ್ಕದಲ್ಲೇ ಕೂರಿಸ್ಕೊಳ್ಳಿ, ‘ನೀರಿನಲ್ಲಿ ಅಲೆಯ ಉಂಗುರ’ ಬಂದಾಗ ನೋಟ್‌ಬುಕ್ ಮುಚ್ಚಿಡಿ, ಫಾರ್ವರ್ಡ್ ಅಂತೂ ಮಾಡ್ಬೇಡಿ. ನಮ್ಮ ಅಜ್ಜಿ ಆ ಹಾಡು ಪೂರ್ತಿ ಹಾಡ್ತಾರೆ, ಹೊರಗೆ ಮಳೆ ಎಷ್ಟೇ ಜೋರಾಗಿದ್ರೂ.